ಇಂಗ್ಲಿಷಿನಲ್ಲಿ ರೊಟ್ಟಿ

“ರೊಟ್ಟಿಗೆ ಇಂಗ್ಲಿಷಿನಲ್ಲಿ ಏನಂತಾರೆ?”

“ಬ್ರೆಡ್ ಸಾರ್!” ಇಡೀ ಏಳನೇ ಕ್ಲಾಸು ಕೂಗಿತು. ಜಗದಾಂಬ ಮಾತ್ರ ತನ್ನ ನೋಟ್‌ಬುಕ್ಕನ್ನೇ ನೋಡುತ್ತಿದ್ದಳು.

‘ನನ್ನ ಅಜ್ಜಿ’ ಅಂತ ಅವಳು ಬರೆದಿದ್ದ ಇಂಗ್ಲಿಷ್ ಪ್ರಬಂಧದಲ್ಲಿ ‘ರೊಟ್ಟಿ’ ಬಂದಲ್ಲೆಲ್ಲ ಚಂದ್ರಶೇಖರಪ್ಪ ಮೇಷ್ಟ್ರು ಕೆಂಪು ಗೆರೆ ಎಳೆದಿದ್ದರು.

“ಇಂಗ್ಲಿಷಿನಲ್ಲಿ ರೊಟ್ಟಿ ತಟ್ಟಬೇಡ. ನಾಳೆ ತಿದ್ದಿ ತಂದ್ರೆ ಸ್ಕೂಲ್ ಡೇಗೆ ನೀನೇ ಓದ್ತೀಯ. ಇಲ್ಲಾಂದ್ರೆ ವಿಘ್ನೇಶ್ವರ ಓದ್ತಾನೆ.”

ವಿಘ್ನೇಶ್ವರ ಆಗಲೇ ಕಾಲರ್ ಸರಿಮಾಡಿಕೊಂಡ.

ಮನೆಯಲ್ಲಿ ಅಜ್ಜಿ ಅಕ್ಕನಾಗಮ್ಮ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಸ್ಕೂಲ್ ಡೇಗೆ ಮೊಮ್ಮಗಳೇ ಓದುತ್ತಾಳೆಂದು ಆಗಲೇ ಇಡೀ ಕೇರಿಗೆ ಹೇಳಿಬಂದಿದ್ದಳು. ವಿಷಯ ಕೇಳಿ ಅವಳ ಕೈ ನಿಂತಿತು.

“ಬ್ರೆಡ್ಡಾ? ಜ್ವರ ಬಂದೋರಿಗೆ ಹಾಲಲ್ಲಿ ಅದ್ದಿ ಕೊಡ್ತಾರಲ್ಲ, ಅದಾ? ನಾನ್ಯಾವಾಗ ಅದನ್ನ ಮಾಡಿದೆನೇ?”

ಶಿವಮೊಗ್ಗದ ಹಾಸ್ಟೆಲಿನಿಂದ ಶಿಕಾರಿಪುರಕ್ಕೆ ರಜೆಗೆ ಬಂದಿದ್ದ ಅಣ್ಣ ಸದಾಶಿವಪ್ಪ, ಓದುತ್ತಿದ್ದ ಪುಸ್ತಕವನ್ನು ತಂಗಿಯ ಮುಂದೆ ಹಿಡಿದ.

“ಆಫ್ರಿಕಾದವನೊಬ್ಬ ಬರೆದ ಕಾದಂಬರಿ. ಇಂಗ್ಲಿಷರು ನಮ್ಮನ್ನ ಬಿಟ್ಟುಹೋಗಿ ಹತ್ತು-ಹನ್ನೆರಡು ವರ್ಷ ಆಯ್ತು, ಅವನ ದೇಶಾನ ಇನ್ನೂ ಬಿಟ್ಟಿಲ್ಲ. ಆದ್ರೂ ಇಂಗ್ಲಿಷಿನ ನಡುವೆ ತನ್ನೂರಿನ ಮಾತು ಹಾಗೇ ಇಟ್ಟಿದ್ದಾನೆ. ಧೈರ್ಯ ನೋಡು! ಇದನ್ನ ಓದಿ, ನಮ್ಮ ಹಾಸ್ಟೆಲಲ್ಲಿ ಕತೆ ಬರೆಯೋರೆಲ್ಲ ತಮ್ಮೂರಿನ ಮಾತು ಹುಡುಕ್ತಾ ಕೂತಿದ್ದಾರೆ.”

“ಲಂಡನ್ನಿನವರಿಗೆ ಅರ್ಥ ಆಗುತ್ತಾ?”

“ನನಗೇ ಆಯ್ತಲ್ಲ! ಅವರೂರಿನ ತಿಂಡಿ ಹೆಸರು ಬಂದ್ರೆ, ಅದನ್ನ ಹೇಗೆ ಮಾಡ್ತಾರೆ, ಯಾರು ತಿಂತಾರೆ, ಎಲ್ಲ ಪಕ್ಕದಲ್ಲೇ ತೋರಿಸ್ತಾನೆ.”

ಜಗದಾಂಬ ಒಲೆಯ ಮುಂದೆ ಕೂತಳು. ಹಿಟ್ಟಿನ ಉಂಡೆ. ಪಟ ಪಟ ಸದ್ದು. ಅಂಗೈ ಕೆಳಗೆ ತಿರುಗುತ್ತಾ ಅಗಲವಾಗುವ ರೊಟ್ಟಿ. ಕೆಂಡಕ್ಕೆ ಒರಗಿಸಿದರೆ ಸಿಟ್ಟು ಬಂದಂತೆ ಉಬ್ಬುತ್ತದೆ. ದಿನಾ ತಿನ್ನುತ್ತಿದ್ದಳು, ಹೀಗೆ ನೋಡಿರಲಿಲ್ಲ.

ಅದನ್ನೆಲ್ಲ ಪ್ರಬಂಧಕ್ಕೆ ಸೇರಿಸಿ, ಮರುದಿನ ಕ್ಲಾಸಿನಲ್ಲಿ ಓದಿದಳು. ‘ರೊಟ್ಟಿ’ ಇದ್ದಲ್ಲೇ ಇತ್ತು.

“ಬ್ರೆಡ್ ಎಲ್ಲಮ್ಮ?”

“ಬ್ರೆಡ್ ತಟ್ಟೋಕೆ ಬರಲ್ಲ ಸಾರ್.”

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ಕೆಂಪು ಪೆನ್ನು ಬಿಚ್ಚಿದರು. ಆ ಸಾಲುಗಳನ್ನು ಮತ್ತೊಮ್ಮೆ ಓದಿಕೊಂಡರು. ಪೆನ್ನಿಗೆ ಮುಚ್ಚಳ ಹಾಕಿದರು.

“ಸ್ಕೂಲ್ ಡೇಗೆ ಸ್ವಲ್ಪ ಗಟ್ಟಿಯಾಗಿ ಓದು.”

ಸ್ಕೂಲ್ ಡೇ ದಿನ ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಇಂಗ್ಲಿಷ್ ಒಂದಕ್ಷರ ಬರದು. ಸುಮ್ಮನೆ ವೇದಿಕೆ ನೋಡುತ್ತಿದ್ದಳು. ಜಗದಾಂಬ “ರೊಟ್ಟಿ” ಅಂದದ್ದೇ ತಡ, ಪಕ್ಕದಲ್ಲಿ ಕೂತಿದ್ದ ಕೇರಿಯ ಹೂವಮ್ಮನನ್ನು ಮೊಣಕೈಯಿಂದ ತಿವಿದಳು.

“ಕೇಳಿಸ್ತೇನೇ? ಅದು ನಂದು!”

ಆ ದನಿ ವೇದಿಕೆಯ ಮೇಲಿದ್ದ ಜಗದಾಂಬಳಿಗೂ ಕೇಳಿಸಿತು. ಆಫ್ರಿಕಾದ ಆ ಕಾದಂಬರಿಕಾರನ ಊರಿನಲ್ಲೂ ಇಂಥ ಒಬ್ಬ ಅಜ್ಜಿ ಇದ್ದಿರಬೇಕು ಅನ್ನಿಸಿತು.

ಮುಂದಿನ ಸಾಲನ್ನು ಅವಳು ಇನ್ನೂ ಗಟ್ಟಿಯಾಗಿ ಓದಿದಳು.