ಅಪ್ಪನ ಟ್ರ್ಯಾಕ್ಟರಿನ ಸೀಟು

“ವಿದ್ಯೆಯಂತೂ ತಲೆಗೆ ಹತ್ತಲಿಲ್ಲ, ಈಗ ಗುಜರಿ ತಬ್ಕೊಂಡು ಕೂತಿದಾನೆ ನೋಡ್ರಪ್ಪ!” ತನ್ನ ರಿಪೇರಿ ಶೆಡ್ಡಿನಲ್ಲಿ ಗಿರಾಕಿಗಳೆಲ್ಲರ ಮುಂದೆ ಚಿಕ್ಕಪ್ಪ ನನ್ನನ್ನು ತೋರಿಸಿ ನಕ್ಕ. ತೋಟದ ಹುಲ್ಲು ಕತ್ತರಿಸುವ ಆ ಹಳೇ ಪುಟ್ಟ ಟ್ರ್ಯಾಕ್ಟರನ್ನು ತಿಂಗಳುಗಳಿಂದ ರಿಪೇರಿ ಮಾಡುತ್ತಿದ್ದೆ. ಸತ್ತ ಅಪ್ಪನದೆಂದು ಉಳಿದಿದ್ದು ಅದೊಂದೇ. ಅದನ್ನು ಒಯ್ಯಲು ಚಿಕ್ಕಪ್ಪ ಗುಜರಿಯವನನ್ನೂ ಕರೆಸಿದ್ದ. ಮೈಯೆಲ್ಲ ಉರಿಯಿತು, ಆದರೆ ಜಗಳಕ್ಕೂ ತ್ರಾಣವಿರಲಿಲ್ಲ.

ಗುಜರಿಯವನು ಎಂಜಿನ್ನಿನ ಮೇಲೆ ಕೈಯಿಟ್ಟವನು ಥಟ್ಟನೆ ಎಳೆದುಕೊಂಡ. ನಾನೂ ಮುಟ್ಟಿದೆ. ಸುಡುತ್ತಿತ್ತು. ಪಿಸ್ಟನ್ ಬಿಚ್ಚಿ ಮೇಜಿನ ಮೇಲಿಟ್ಟು ವಾರವೇ ಆಗಿತ್ತು; ಅದಿಲ್ಲದೆ ಎಂಜಿನ್ ಓಡುವಂತೆಯೇ ಇರಲಿಲ್ಲ. ಅಷ್ಟರಲ್ಲಿ ಸ್ಪ್ರಿಂಗು ಕಿರ್ರೆಂದಿತು. ತಗ್ಗಿದ್ದ ಖಾಲಿ ಸೀಟು, ಯಾರೋ ಇಳಿದಂತೆ, ಮೆಲ್ಲಗೆ ಮೇಲೆದ್ದಿತು.

“ಇದು ನಂಗೆ ಬೇಡ ಸ್ವಾಮಿ,” ಎಂದು ಗುಜರಿಯವನು ಹಗ್ಗ ಸುತ್ತಿಕೊಂಡ.

“ಯಾರು ಓಡಿಸಿದ್ರೋ ಇದನ್ನ?” ಚಿಕ್ಕಪ್ಪ ಬಾಗಿಲಿನತ್ತ ಹಿಂದೆ ಸರಿದ.

ನಾನು ಕೈ ಒರೆಸಿಕೊಂಡು ಹೊರನಡೆದೆ.