ಹಳದಿ ಬಣ್ಣ ಹಚ್ಚಿದ ಸ್ಕ್ರೂ

ಅವಳು ಕೀಲಿಯನ್ನು ಕೊಡಲಿಲ್ಲ, ಎಸೆದಳು.

ಅದು ಗರಾಜಿನ ಮೇಜಿನ ಮೇಲಿದ್ದ ಡಬ್ಬಿಗೆ ಬಡಿಯಿತು. ಡಬ್ಬಿ ಉರುಳಿ ನಟ್ಟುಗಳೆಲ್ಲ ನೆಲದ ತುಂಬ ಚೆಲ್ಲಿದವು. ಕಾರಿನ ಅಡಿಯಲ್ಲಿ ಮಲಗಿದ್ದ ಮೆಕ್ಯಾನಿಕ್ ಹೊರಗೆ ಜಾರಿ ಬಂದು ಮೊದಲು ನಟ್ಟುಗಳನ್ನು ನೋಡಿದ, ಆಮೇಲೆ ಅವಳನ್ನು.

"ಹೆಕ್ಕಿ," ಅಂದ.

"ಏನು?"

"ಚೆಲ್ಲಿದ್ದು ನೀವು. ಹೆಕ್ಕಿ."

ಅವಳು ಹೆಕ್ಕಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕೋಪ ಹೇಗೂ ಅವಳ ಮೂಗಿನ ತುದಿಯಲ್ಲೇ ವಾಸ. ಇವತ್ತು ಅದಕ್ಕೆ ಕಾರಣವೂ ಇತ್ತು.

ಅವಳದು ಗಾಜಿನಂಗಡಿ. ಅಳತೆ ತೆಗೆದು ಕತ್ತರಿಸುವುದು ಅವಳು, ಹಳೇ ಪಿಕಪ್ಪಿನಲ್ಲಿ ಸಾಗಿಸುವುದು ಅಪ್ಪ. ಮನೆಯಲ್ಲಿ ಇರುವವರು ಅವರಿಬ್ಬರೇ. ಈಚೆಗೆ ಆ ಪಿಕಪ್ಪಿಗೆ ದೆವ್ವ ಹಿಡಿದಂತಾಗಿತ್ತು. ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ತಾನಾಗೇ ಅಬ್ಬರಿಸುವುದು, ಇಳಿಯುವುದು, ಮತ್ತೆ ಅಬ್ಬರಿಸುವುದು. ಹೋದ ವಾರ ಅಪ್ಪ ಇದೇ ಗರಾಜಿಗೆ ತಂದು ಸರಿ ಮಾಡಿಸಿದ್ದರು. ಆದರೂ ಇವತ್ತು ಕ್ಲಚ್ ಬಿಡುತ್ತಿದ್ದಂತೆ ಗಾಡಿ ಮುಂದಕ್ಕೆ ಎಗರಿ, ಕ್ಷೌರದಂಗಡಿಗೆ ಹೊರಟಿದ್ದ ಆಳೆತ್ತರದ ಕನ್ನಡಿ ಎರಡು ಹೋಳಾಗಿತ್ತು. ಗರಾಜಿಗೆ ನೀವೇ ಹೋಗಿ ಅಂದರೆ ಅಪ್ಪ ತಲೆನೋವು ಅಂತ ಮಲಗಿಬಿಟ್ಟರು.

ಗಾಡಿ ಮಾರಿಬಿಡೋಣ ಅಂತ ಅವಳು ಒಮ್ಮೆ ಬಾಯಿ ತಪ್ಪಿ ಅಂದಿದ್ದಕ್ಕೆ ಅಪ್ಪ ಅವತ್ತು ಊಟ ಬಿಟ್ಟಿದ್ದರು. ಆ ಗಾಡಿ ಹೋದರೆ ಅಪ್ಪ ಮೂಲೆ ಹಿಡಿಯುತ್ತಾರೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಎಸೆದದ್ದು ಕೀಲಿ, ಅದರ ಹಿಂದಿದ್ದದ್ದು ಭಯ. ಅದು ಅವನಿಗೆ ಹೇಗೆ ಗೊತ್ತಾಗಬೇಕು, ಪಾಪ.

"ಬಾನೆಟ್ ತೆಗೀರಿ," ಅಂದ.

ಅವಳು ಪಿಕಪ್ಪಿನೊಳಗೆ ಕೂತು ಕೈಗೆ ಸಿಕ್ಕ ಹಿಡಿಯನ್ನು ಜೋರಾಗಿ ಎಳೆದಳು. ಹಿಂದುಗಡೆ ಪೆಟ್ರೋಲ್ ಮುಚ್ಚಳ ಪಟ್ಟನೆ ತೆರೆದುಕೊಂಡಿತು. ಅವನು ನಗಲಿಲ್ಲ. ನಕ್ಕಿದ್ದರೂ ವಾಸಿ ಇತ್ತು, ತುಟಿ ಬಿಗಿಹಿಡಿದು ಸುಮ್ಮನೆ ತಾನೇ ಬಂದು ಬಾನೆಟ್ ತೆಗೆದ. 'ಅಬ್ಬಾ, ಏನು ಜಂಬ ಇವನಿಗೆ...' ಅಂತ ಅವಳು ಹಲ್ಲು ಕಚ್ಚಿದಳು.

ಎಂಜಿನ್ ಓಡುತ್ತಿದ್ದಂತೆ ಅವನು ರಬ್ಬರ್ ಪೈಪುಗಳನ್ನು ಒಂದೊಂದಾಗಿ ಚಿವುಟಿ ಹಿಡಿದ, ಸೋಪಿನ ನೀರು ಚಿಮುಕಿಸಿದ, ಕಿವಿಗೊಟ್ಟು ಕೇಳಿದ. ಎಲ್ಲಾದರೂ ಬಿರುಕಿದ್ದು ಗಾಳಿ ಒಳಗೆ ನುಗ್ಗುತ್ತಿದ್ದರೆ ಸದ್ದು ಬದಲಾಗಬೇಕಿತ್ತು. ಬದಲಾಗಲಿಲ್ಲ. ಕೊನೆಗೆ ಒಂದು ಚಿಕ್ಕ ಸ್ಕ್ರೂ ಹತ್ತಿರ ಬೆರಳು ನಿಲ್ಲಿಸಿದ.

"ಎಂಜಿನ್ನಿಗೆ ಎಷ್ಟು ಗಾಳಿ ಬಿಡಬೇಕು ಅಂತ ಹೇಳೋದು ಇದು. ಹೋದ ವಾರ ನಾನೇ ಇದನ್ನ ತಿರುಗಿಸಿ ವೇಗ ಇಳಿಸಿ ಕಳಿಸಿದ್ದೆ. ಯಾರೋ ಮತ್ತೆ ತಿರುಗಿಸಿದ್ದಾರೆ. ಗಾಡಿ ತಾನಾಗೇ ವೇಗ ಇಳಿಸೋಕೆ ನೋಡುತ್ತೆ, ಆಗಲ್ಲ, ಮತ್ತೆ ಏರುತ್ತೆ. ಅದಕ್ಕೇ ಈ ಕುಣಿತ."

"ನಮ್ಮನೇಲಿರೋದು ಇಬ್ರೇ. ಯಾರು ಕಳ್ಳರು ಅಂತ ಹೇಳ್ಬಿಡಿ."

"ಕಳ್ಳರು ಅಂದ್ನಾ? ತಿರುಗಿಸಿದ್ದಾರೆ ಅಂದೆ."

ಕುಣಿಯಲಾರದವನು ನೆಲ ಡೊಂಕು ಅಂದನಂತೆ ಅಂತ ಅವಳು ಗೊಣಗಿದ್ದು ಅವನಿಗೆ ಕೇಳಿಸಿತು. ಅವನು ಸ್ಕ್ರೂ ತಿರುಗಿಸಿ ವೇಗ ಇಳಿಸಿ, ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದ ಗೆರೆ ಎಳೆದ. ಇನ್ನು ಯಾರಾದರೂ ಮುಟ್ಟಿದರೆ ಈ ಗೆರೆ ಒಡೆಯುತ್ತದೆ, ಆಗ ಮಾತಾಡೋಣ ಅಂದ.

ಮನೆಗೆ ಬಂದು ನೋಡಿದರೆ, ಪಿಕಪ್ಪಿನಲ್ಲಿ ಗಾಜು ನಿಲ್ಲಿಸುವ ಚೌಕಟ್ಟಿಗೆ ಹಳೇ ಟ್ಯೂಬಿನ ಪಟ್ಟಿಗಳು ಸುತ್ತಿದ್ದವು. ಇನ್ನು ಗಾಜು ಅಲುಗಾಡಿದರೂ ಕಬ್ಬಿಣಕ್ಕೆ ತಾಗುವಂತಿರಲಿಲ್ಲ. ಒಡೆದ ಕನ್ನಡಿಯ ಚೂರುಗಳೂ ಇರಲಿಲ್ಲ. ಗರಾಜಿನಿಂದ ಅವಳು ಟೀ ಕುಡಿದು ಬರುವಷ್ಟರಲ್ಲಿ ಅವನು ಮಾಡಿದ್ದ ಕೆಲಸ.

'ಕೇಳದೇ ಯಾಕೆ ಮಾಡಿದ? ಯಾರು ಹೇಳಿದ್ದು ಇವನಿಗೆ?' ಸಿಟ್ಟು ಇನ್ನೂ ಏರಿತು. ಆದರೂ ಆ ಪಟ್ಟಿಯ ಮೇಲೆ ಕೈ ಒಮ್ಮೆ ಸವರಿತು. ಆ ಕೈಯನ್ನೂ ಅವಳು ಬೈದುಕೊಂಡಳು.

ವಾರವೂ ಆಗಿರಲಿಲ್ಲ, ಪಿಕಪ್ ಮತ್ತೆ ಕುಣಿಯಿತು.

ಈ ಸಲ ಅವನು ಟಾರ್ಚ್ ಬಿಟ್ಟು ತೋರಿಸಿದ. ಹಳದಿ ಗೆರೆ ಎರಡಾಗಿತ್ತು.

"ಈಗೇನಂತೀರಿ?" ಅಂದ. ಆ ದನಿಯಲ್ಲಿದ್ದ ಗೆದ್ದ ಗತ್ತು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು.

ಅವಳು ಬೀದಿಗೆ ಬಂದು ನಿಂತು ಅಂದಳು. ಕೆಲಸ ಬಾರದಿದ್ದರೆ ಬೋರ್ಡ್ ಇಳಿಸಿ, ಬಣ್ಣ ಬಳಿದು ಗಿರಾಕಿಗಳ ತಲೆ ಮೇಲೆ ತಪ್ಪು ಹೊರಿಸಬೇಡಿ ಅಂತ. ಟೈರ್ ಅಂಗಡಿಯವನು ಕೇಳಿದ, ಹಾರ್ಡ್‌ವೇರ್ ಅಂಗಡಿಯವರು ಕೇಳಿದರು. ಕೇಳದವರಿಗೆ ಅವಳೇ ಹೋಗಿ ಹೇಳಿದಳು. ನಂಬಿಸಿ ಮೋಸ ಮಾಡ್ತಾನೆ ಅಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸರದಿಯಲ್ಲಿ ನಿಲ್ಲುತ್ತಿದ್ದ ಗಾಡಿಗಳು ಒಂದೊಂದಾಗಿ ಬೇರೆ ಕಡೆ ತಿರುಗಿದವು. ತನ್ನ ಅಂಗಡಿ ಬಾಗಿಲಲ್ಲಿ ನಿಂತರೆ ಖಾಲಿ ಗರಾಜಿನಲ್ಲಿ ಅವನು ಅವೇ ಸ್ಪ್ಯಾನರುಗಳನ್ನು ಮತ್ತೆ ಮತ್ತೆ ಒರೆಸುವುದು ಅವಳಿಗೆ ಕಾಣುತ್ತಿತ್ತು. ಸಂತೋಷವಾಗಬೇಕಿತ್ತು. ಗಾಜಿನ ಮೇಲೆ ಎಳೆದ ಗೆರೆ ಯಾಕೋ ವಕ್ರವಾಗುತ್ತಿತ್ತು.

ಒಂದು ಬೆಳಿಗ್ಗೆ ಅಂಗಳದಲ್ಲಿ ಎಂಜಿನ್ ಸದ್ದು ಕೇಳಿ ಹೊರಗೆ ಬಂದಳು.

ಬಾನೆಟ್ ತೆರೆದಿತ್ತು. ಅಪ್ಪ ಒಂದು ಅಂಗೈಯನ್ನು ಗಾಡಿಯ ಮೈಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದರು. ಎಂಜಿನ್ ಏರಿತು. ಅಪ್ಪನ ಮುಖ ಹಗುರಾಯಿತು.

"ಅಪ್ಪಾ."

ಅಪ್ಪ ತಿರುಗಲಿಲ್ಲ.

"ಅಪ್ಪಾ!" ಬೆನ್ನ ಹಿಂದೆಯೇ ನಿಂತು ಕೂಗಿದಳು. ಅಪ್ಪ ಸ್ಕ್ರೂವನ್ನು ಇನ್ನಷ್ಟು ತಿರುಗಿಸಿದರು.

ಅವಳಿಗೆ ಒಂದೊಂದೇ ನೆನಪಾಯಿತು. ಏನು ಕೇಳಿದರೂ ಹೂಂ ಅನ್ನುವುದು... ಮಾತಾಡುವವರ ತುಟಿಯನ್ನೇ ನೋಡುವುದು... ಫೋನ್ ಬಂದರೆ ಅವಳ ಕೈಗೇ ಕೊಡುವುದು... ವಯಸ್ಸಾಯಿತು, ಸೋಮಾರಿತನ ಅಂದುಕೊಂಡಿದ್ದಳು. ಗಾಜಿನ ಒಂದು ಕೂದಲೆಳೆ ಬಿರುಕನ್ನು ದೂರದಿಂದಲೇ ಹಿಡಿಯುವವಳಿಗೆ ಮನೆಯೊಳಗಿದ್ದದ್ದು ಕಾಣಲಿಲ್ಲ.

ಭುಜ ಮುಟ್ಟಿದಳು. ಅಪ್ಪ ಬೆಚ್ಚಿ ತಿರುಗಿದರು. ಮಗಳ ಮುಖ ನೋಡಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ.

"ನಿಂತೇ ಹೋಯ್ತು ಅನ್ಸುತ್ತಮ್ಮಾ," ಅಂದರು. "ಎಂಜಿನ್ ಓಡ್ತಿದೆಯೋ ಇಲ್ವೋ ಗೊತ್ತಾಗಲ್ಲ. ಸ್ವಲ್ಪ ಜೋರಾಗಿದ್ರೆ ಕೈಗೆ ನಡುಕ ಸಿಗುತ್ತೆ. ಕಿವಿ ಕೇಳಲ್ಲ ಅಂದಿದ್ರೆ... ನೀನು ಕೀಲಿ ಕಿತ್ಕೊಂಬಿಡ್ತಿದ್ದೆ."

ಅವಳು ಅಪ್ಪನನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ನೆನಪಾಯಿತು, ಎದುರು ಬೀದಿಯ ಖಾಲಿ ಗರಾಜು.

ಅವತ್ತೇ ಅಪ್ಪನನ್ನು ಕಿವಿ ಡಾಕ್ಟರ ಬಳಿ ಕರೆದೊಯ್ದಳು. ಯಂತ್ರ ಹಾಕಿದರೆ ಗಾಡಿ ಓಡಿಸಲು ಅಡ್ಡಿಯಿಲ್ಲ, ಆದರೆ ಸಣ್ಣ ಸದ್ದು ಪೂರ್ತಿ ಸಿಗಲಿಕ್ಕಿಲ್ಲ ಅಂದರು. ಅಪ್ಪ ಯಾರಿಗೂ ಹೇಳಬೇಡ ಅಂತ ಮಾತು ತೆಗೆದುಕೊಂಡರು.

ಮರುದಿನ ಅವಳು ಟೈರ್ ಅಂಗಡಿಗೆ ಹೋದಳು, ಹಾರ್ಡ್‌ವೇರ್ ಅಂಗಡಿಗೆ ಹೋದಳು, ಎಲ್ಲೆಲ್ಲಿ ಬೈದಿದ್ದಳೋ ಅಲ್ಲೆಲ್ಲ ಹೋದಳು. ಸ್ಕ್ರೂ ತಿರುಗಿಸುತ್ತಿದ್ದದ್ದು ನಾನೇ, ಗೊತ್ತಿಲ್ಲದೆ ಕೈ ಹಾಕಿದೆ, ಗರಾಜಿನವರದು ಏನೂ ತಪ್ಪಿಲ್ಲ ಅಂದಳು. ಕೆಲವರು ನಕ್ಕರು. ಒಬ್ಬರು, ಬಾಯಿಗೆ ಬೀಗ ಹಾಕ್ಕೋಮ್ಮಾ ಅಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಕೊನೆಗೆ ಪಿಕಪ್ ತೆಗೆದುಕೊಂಡು ಗರಾಜಿಗೆ ಹೋದಳು. ಅವನ ಕಿವಿಗೆ ಸುದ್ದಿ ಮೊದಲೇ ಮುಟ್ಟಿತ್ತು.

"ನೀವೇ ತಿರುಗಿಸಿದ್ರಂತೆ."

"ಹೌದು. ತಪ್ಪಾಯ್ತು."

"ಬಾನೆಟ್ ಎಲ್ಲಿಂದ ತೆಗೀತಾರೆ, ತೋರಿಸಿ ನೋಡೋಣ."

ಅವಳು ಗಾಡಿಯೊಳಗೆ ಕೂತಳು. ಕೈ ಅತ್ತ ಹೋಯಿತು, ಇತ್ತ ಹೋಯಿತು. ಹಿಂದುಗಡೆ ಪೆಟ್ರೋಲ್ ಮುಚ್ಚಳ ಪಟ್ಟನೆ ತೆರೆದುಕೊಂಡಿತು.

ಸ್ಟೀರಿಂಗ್ ಮೇಲೆ ಅವಳ ಕಣ್ಣೀರು ಬಿತ್ತು.

"ಅಪ್ಪನಿಗೆ ಕೇಳಿಸ್ತಾ ಇಲ್ವಾ?" ಅಂದ, ಮೆಲ್ಲಗೆ. "ನಿನ್ನೆ ಬೀದೀಲಿ ಅವರನ್ನ ಕೂಗಿ ಕರೆದೆ, ನೋಡಲೇ ಇಲ್ಲ. ನಿಮ್ಮ ಹಾಗೇ ಅವರಿಗೂ ನನ್ ಮೇಲೆ ಸಿಟ್ಟು ಅಂದ್ಕೊಂಡೆ. ಆಮೇಲೆ ಕೂತು ಯೋಚನೆ ಮಾಡಿದೆ."

"ಯಾರಿಗೂ ಹೇಳ್ಬೇಡಿ."

"ಹೇಳೋಕೆ ಇಲ್ಲಿ ಯಾವ ಗಿರಾಕಿ ಉಳಿದಿದ್ದಾರೆ?" ಕಹಿಯಾಗಿಯೇ ಅಂದ. ಎದುರಾಡುವ ಹಕ್ಕು ತನಗಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಅವನು ಒಳಗೆ ಹೋಗಿ ಒಂದು ದುಂಡನೆಯ ಮೀಟರ್ ತಂದ. ಬೇರೆ ಗಾಡಿಯಿಂದ ಬಿಚ್ಚಿದ್ದು, ಒರೆಸಿ ಹೊಳೆಯಿಸಿದ್ದು. ಸ್ಟೀರಿಂಗ್ ಎದುರು ಅದನ್ನು ಕೂರಿಸಿ, ಸ್ಕ್ರೂ ಇಳಿಸಿ, ಎಂಜಿನ್ ಚಾಲು ಮಾಡಿದ. ಮುಳ್ಳು ಎದ್ದು ಒಂದು ಕಡೆ ಸಣ್ಣಗೆ ನಡುಗುತ್ತ ನಿಂತಿತು.

"ಮುಳ್ಳು ಎದ್ದಿದ್ರೆ ಎಂಜಿನ್ ಓಡ್ತಿದೆ ಅಂತ. ಕಿವಿಗೆ ಸಿಗದಿದ್ರೆ ಕಣ್ಣಿಗೆ ಕಾಣ್ಲಿ. ಇನ್ನು ಅವರು ಸ್ಕ್ರೂ ಮುಟ್ಟಬೇಕಾಗಿಲ್ಲ."

ತಾನು ಇವನ ಅನ್ನಕ್ಕೆ ಕಲ್ಲು ಹಾಕಿದ್ದಳು. ಇವನು ತನ್ನ ಅಪ್ಪನಿಗೆ ಗಾಡಿ ಉಳಿಸಿಕೊಟ್ಟಿದ್ದ.

"ನನ್ ಮೇಲೆ ನಿಮಗೆ ಸಿಟ್ಟಿಲ್ವಾ?"

"ತುಂಬಾ ಇದೆ." ಅವನು ಕೈ ಒರೆಸಿಕೊಂಡ. "ನೀವು ಬಂದಾಗಲೆಲ್ಲ ಸಿಟ್ಟು ಬರ್ತಿತ್ತು. ಬರೋದು ನಿಲ್ಲಿಸಿದ್ರಲ್ಲ, ಆಗ ಅದಕ್ಕಿಂತ ಜಾಸ್ತಿ ಬಂತು. ಗಿರಾಕಿಗಳು ಹೋದಾಗಲೂ ಅಷ್ಟು ಬಂದಿರಲಿಲ್ಲ. ಅದೇನು ಕಾಯಿಲೆ ಅಂತ ನನಗೆ ಕೊನೆಗೂ ಗೊತ್ತಾಯ್ತು. ನಿಮಗೆ?"

ಅವಳು ಕೆಳಗಿಳಿದಳು. ಮೇಜಿನ ಹತ್ತಿರ ಮಂಡಿಯೂರಿ, ಅದರಡಿಯ ಮೂಲೆಯಲ್ಲಿ ಇನ್ನೂ ಬಿದ್ದಿದ್ದ ಒಂದು ನಟ್ಟನ್ನು ಹೆಕ್ಕಿ ಅವನ ಅಂಗೈಯಲ್ಲಿಟ್ಟಳು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಂಗೂ ಗೊತ್ತಾಗಿ ತುಂಬಾ ದಿನ ಆಯ್ತು," ಅಂದಳು. "ಆದ್ರೆ ಇನ್ನು ಗಾಡಿ ಕೆಡಲ್ಲ. ಏನಂತ ಬರ್ಲಿ ಇಲ್ಲಿಗೆ?"

"ಜಗಳಕ್ಕೆ ಬನ್ನಿ."

"ದಿನಾ?"

"ದಿನಾ," ಅಂದ ಅವನು. "ಬಾನೆಟ್ ತೆಗೆಯೋದು ಮಾತ್ರ ಕಲೀಬೇಡಿ."