ಯಾರೀ ದೌಲಪ್ಪ?

"ಮೋಂ ಮಾರಿ ಸಪೆಲ್ ದೌಲಪ್ಪ…"

ರೊಟ್ಟಿ ಬಡಿಯುತ್ತಿದ್ದ ಸೊಸೆ ಜಯದೇವಿಯ ಬಾಯಿಂದ ಆ ಹೆಸರು ಬಿದ್ದದ್ದೇ ತಡ, ಭಾಗಮ್ಮನ ಕಿವಿ ನೆಟ್ಟಗಾದವು. ಉಳಿದದ್ದು ಯಾವ ದೇಶದ ಭಾಷೆಯೋ ಏನೋ, ದೌಲಪ್ಪ ಮಾತ್ರ ಅಪ್ಪಟ ನಮ್ಮ ಕಡೆಯ ಗಂಡಸು! ಕಮಲಾಪುರದಲ್ಲಿ ದವಾಖಾನೆ ತೆರೆದ ಫ್ರೆಂಚ್ ನರ್ಸಮ್ಮನ ಬಳಿ ಕೆಲಸ ಸಿಗುತ್ತದೆಂದು, ಆಕೆಯ ಭಾಷೆ ಕಲಿಯಲು ಜಯದೇವಿ ದಿನಾ ಮಧ್ಯಾಹ್ನ ಶಹಾಬಜಾರದ ಮನೆಯಿಂದ ರೋಜಾ ಮೊಹಲ್ಲಾಕ್ಕೆ ಹೋಗುತ್ತಿದ್ದಳು. ಅಲ್ಲಿ ಪಾಠ ಹೇಳುವವಳು ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದ ಇಕ್ಬಾಲ್ ಬೇಗಂ. ಭಾಷೆಯಂತೆ, ಪಾಠವಂತೆ! ಎಲ್ಲ ನೆವ. ಕಮಲಾಪುರವೆಂದರೆ ಸೊಸೆಯ ತವರಲ್ಲವೇ?

ಭಾಗಮ್ಮನ ಸಂಶಯಕ್ಕೆ ಬೇರೊಂದು ಬೇರಿತ್ತು. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟ ಮಗ ಸಾಯಬಣ್ಣ, ಪೊಲೀಸ್ ಆ್ಯಕ್ಷನ್ ಮುಗಿದು ಎರಡು ವರ್ಷವಾದರೂ ಬಂದಿರಲಿಲ್ಲ. ಬರುವುದೂ ಇಲ್ಲ… ಅವನನ್ನು ಮಣ್ಣು ಮಾಡಿ ಬಂದ ಗೆಳೆಯ ಮಾಪಣ್ಣ ಆ ಸುದ್ದಿಯನ್ನು ಆಗಲೇ ಆಕೆಯೊಬ್ಬಳ ಕಿವಿಯಲ್ಲಿ ಹೇಳಿ ಹೋಗಿದ್ದ. ಸೊಸೆಗೆ ತಿಳಿದರೆ ಇನ್ನೊಬ್ಬನ ಕೂಡ ಉಡಿಕಿಯಾಗಿ ಹೊಸ ಸಂಸಾರ ಹೂಡಿಯಾಳು, ಆಮೇಲೆ ನನಗ್ಯಾರು ಗತಿ ಎಂದು ಭಾಗಮ್ಮ ಉಸಿರೆತ್ತಿರಲಿಲ್ಲ. ಈಗ ಆ ಮಾಪಣ್ಣನೇ ಬಾಯಿ ಬಿಟ್ಟನೇ?

ಮಧ್ಯಾಹ್ನ ಸೆರಗು ಮುಖಕ್ಕೆಳೆದುಕೊಂಡು ಹಿಂದೆಯೇ ಹೋದಳು. ಬೇಗಮಳ ಮನೆಯ ಪರದೆಯಾಚೆ ಕಿವಿಗೊಟ್ಟು ನಿಂತರೆ, ಒಳಗೆ ಮತ್ತದೇ ದೌಲಪ್ಪ! ಭಾಗಮ್ಮ ಪರದೆ ಸರಿಸಿ ನುಗ್ಗಿದಳು.

"ಯಾರ ಅವ ದೌಲಪ್ಪ? ನನ್ನ ಮಗ ಕಟ್ಟಿದ ತಾಳಿ ಕೊಳ್ಳಾಗಿಟ್ಕೊಂಡು ಯಾರ ಹೆಸರು ಜಪಾ ಮಾಡಾಕತ್ತೀದಿ?"

ಜಯದೇವಿ ಬಿಳುಚಿಕೊಂಡಳು. ಬೇಗಂ ಎದ್ದು ಬಂದಳು. "ಸಬೂರ್, ತಡಿ ಭಾಗಮ್ಮಾ! ನರ್ಸಮ್ಮ ಮೊದಲು ಮನಿ ಮಂದಿ ಬಗ್ಗೇನೇ ಕೇಳ್ತಾಳ. ಗಂಡನ ಹೆಸರೇನು ಅಂತ ಕೇಳಿದ್ರ ನಿನ್ನ ಸೊಸಿ ತುಟಿನೇ ಬಿಚ್ಚವಲ್ಲಳು. ಮೋಂ ಮಾರಿ ಅಂದ್ರ ನನ್ನ ಗಂಡ; ಕಡೀಗಿ ಅದರ ಮುಂದ ನಾನೇ ಒಂದು ಸುಳ್ಳು ಹೆಸರು ಕೊಟ್ಟೆ. ದೌಲಪ್ಪನೂ ಇಲ್ಲ, ಗೀಲಪ್ಪನೂ ಇಲ್ಲ!"

"ಯಾವ ಭಾಷಾದಾಗ ಹೇಳಿದ್ರೂ ಹೆಸರು ಹೆಸರೇ ಅಲ್ಲೇನ್ರಿ ಅತ್ತಿ?" ಜಯದೇವಿ ಬಿಕ್ಕಿದಳು. "ಹೆಂಡ್ತಿ ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗ್ತದಂತ ನೀವೇ ಹೇಳಿದ್ರಿ… ಎಲ್ಲಿ ಅದಾರೋ, ಹ್ಯಾಂಗ ಅದಾರೋ… ನನ್ನಿಂದ ಅವ್ರಿಗಿ ಏನರ ಆದ್ರ? ಮನ್ಯಾಗ ಯಾರದಾರ ಅಂದ್ರ, ಅತ್ತಿ ಅದಾರ, ಕೆಲಸಕ್ಕ ಬಂದ್ರ ಅವ್ರನ್ನ ಕರ್ಕೊಂಡೇ ಬರ್ತೀನಿ ಅಂತನೂ ಕಲ್ತೀನ್ರಿ…"

ಭಾಗಮ್ಮ ಸೊಸೆಯೆದುರು ಕೂತಳು. ಛೇ, ಎಂಥ ಹುಡುಗಿಯನ್ನು ಎಂಥ ಕಣ್ಣಿಂದ ನೋಡಿದೆ! ಎರಡು ವರ್ಷ ಮುಚ್ಚಿಟ್ಟದ್ದು ಬಾಯಿಗೆ ಬಂದೇಬಿಟ್ಟಿತು.

"ಹೇಳವ್ವಾ… ಸಾಯಬಣ್ಣ ಅಂತ ಬಾಯಿ ತುಂಬ ಹೇಳು… ಕಡಿಮಿ ಆಗಾಕ ಅವನ ಆಯುಷ್ಯದಾಗ ಏನೂ ಉಳಿದಿಲ್ಲ!"

"ನಿಮಗ… ಯಾವಾಗಿಂದ ಗೊತ್ತದ?" ಜಯದೇವಿ ಕೇಳಿದಳು.

"ಎರಡು ವರ್ಷಾತು," ಎಂದಳು ಭಾಗಮ್ಮ ನೆಲ ನೋಡುತ್ತ. ಜಯದೇವಿ ಗೋಡೆಗೆ ಹಣೆಯಿಟ್ಟು, ಮದುವೆಯಾದ ಮೇಲೆ ಮೊದಲ ಸಲ, ಗಂಡನ ಹೆಸರು ಹಿಡಿದು ಅತ್ತಳು. ಬೇಗಂ ಅವಳ ಬೆನ್ನು ಸವರುತ್ತ ಕೂತಿದ್ದಳು. ಭಾಗಮ್ಮನಿಗೆ ಮುಟ್ಟುವ ಧೈರ್ಯವಾಗಲಿಲ್ಲ.

ಹೊತ್ತು ಇಳಿದ ಮೇಲೆ ಜಯದೇವಿ ಎದ್ದು ಮುಖ ಒರೆಸಿಕೊಂಡಳು. ಬಾಗಿಲ ತನಕ ಹೋಗಿ ತಿರುಗಿ ನೋಡಿದಳು.

"ಬರ್ರಿ, ಮನಿಗಿ ಹೋಗೂಣು."

ಅತ್ತಿ ಎನ್ನಲಿಲ್ಲ. ಭಾಗಮ್ಮ ಅವಳ ಹಿಂದೆ ನಡೆದಳು.